ಕೇಳದ ಅಪ್ಪ, ಕೇಳುವ ಅವ್ವ

ಫ್ಲೋರಲ್ ಪಾರ್ಕ್‌ನ ಹಿಲ್‌ಸೈಡ್ ಅವೆನ್ಯೂದಲ್ಲಿ ನಾನು ಜೋಳದ ಹಿಟ್ಟು ಕೊಳ್ಳುವ ಅಂಗಡಿಯೊಂದಿದೆ. ಹಿಟ್ಟಿನ ಚೀಲವನ್ನು ಮೂಗಿಗೆ ಹಿಡಿದು ನೋಡದೆ ಕೊಳ್ಳುವವಳಲ್ಲ ನಾನು. ಹೋದ ತಿಂಗಳು ಹಾಗೆ ಮೂಸಿ ನೋಡಿ, "ಮುಗ್ಗಲು ವಾಸನಿ ಬರಾಕತ್ತೈತಿ, ಮಾರಾಕ ನಾಚಿಕಿ ಇಲ್ಲ ಇವರಿಗೆ" ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ. ಪಕ್ಕದಲ್ಲಿ ಬೇಳೆ ನೋಡುತ್ತಿದ್ದ ಇಬ್ಬರು ಹೆಂಗಸರು ಥಟ್ಟನೆ ತಿರುಗಿದರು. ಒಬ್ಬಳು ಅಮೆರಿಕದಲ್ಲೇ ಕೆಲಸದಲ್ಲಿರುವ ಸೊಸೆ, ಇನ್ನೊಬ್ಬರು ಬೆಂಗಳೂರಿನಿಂದ ಆಗಷ್ಟೇ ಬಂದಿಳಿದ ಅತ್ತೆ. ಅವರ ಕಣ್ಣಿಗೆ ಕಂಡದ್ದು ಗುಂಗುರು ನರೆಗೂದಲಿನ ಕಪ್ಪು ಅಮೆರಿಕನ್ ಹೆಂಗಸು, ಕಿವಿಗೆ ಬಿದ್ದದ್ದು ಗದಗಿನ ಮಾತು. ಪಾಪ, ಎರಡನ್ನೂ ಹೊಂದಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಆಂಟಿ, ಎಕ್ಸ್‌ಕ್ಯೂಸ್ ಮಿ, ನೀವು ಈಗ ಕನ್ನಡ ಮಾತಾಡಿದ್ರಾ?" ಎಂದಳು ಸೊಸೆ.

"ಹೌದವಾ. ಹಿಟ್ಟು ಹಳೇದೈತಿ, ತಗೋಬ್ಯಾಡ."

ಅಷ್ಟೇ ಸಾಕಾಯಿತು ಅತ್ತೆಗೆ. ಯಾವ ಊರು, ತಾಯಿ ನಮ್ಮ ಕಡೆಯವರಾ, ಮದುವೆ ಹೇಗಾಯ್ತು, ಮನೆಯವರು ಒಪ್ಪಿದರಾ, ನಿಮ್ಮ ತಂದೆ ಏನು ಮಾಡ್ತಿದ್ರು.

"ಅತ್ತೆ, ಪ್ಲೀಸ್," ಎಂದಳು ಸೊಸೆ ಮುಖ ಕೆಂಪಗೆ ಮಾಡಿಕೊಂಡು, "ಇಲ್ಲೆಲ್ಲ ಅಷ್ಟು ಪರ್ಸನಲ್ ಆಗಿ ಕೇಳ್ಬಾರ್ದು."

"ಕೇಳಲಿ ಬಿಡವಾ," ಎಂದೆ. ಅತ್ತೆಯ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟು, ಬೇರೆ ಹಿಟ್ಟಿನ ಚೀಲ ಹಿಡಿದು ಮನೆಗೆ ಬಂದೆ. ಕೇಳುವುದು ಸರಿಯೋ ಕೇಳದಿರುವುದು ಸರಿಯೋ ಎಂಬ ಜಗಳದಲ್ಲೇ ಬೆಳೆದವಳು ನಾನು. ಅಂಗಡಿಯಲ್ಲಿ ನಿಂತು ಆ ಹುಡುಗಿಗೆ ಅದನ್ನೆಲ್ಲ ಹೇಳಲು ಪುರುಸೊತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಮಾರಿಸ್‌ಟೌನ್ ಎಂಬ ಊರಿನಲ್ಲಿ, ರೈಲು ಹಳಿಯ ಪಕ್ಕದ ಇಳಿಜಾರು ಬೀದಿಯಲ್ಲಿತ್ತು. ರೈಲು ಹೋದಾಗ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಕೆಳಗೆ ಅಡುಗೆಮನೆ, ಊಟದ ಕೋಣೆ. ಮೇಲೆ ಮಲಗುವ ಎರಡು ಕೋಣೆ, ಅದರಲ್ಲಿ ಹಿತ್ತಲ ಕಡೆಯದು ನನ್ನದು. ಊಟದ ಕೋಣೆಗೂ ಹಾಲಿಗೂ ನಡುವೆ ಇದ್ದ ಗೋಡೆಯನ್ನು ಅಪ್ಪ ಒಡೆಸಿಹಾಕಿದ್ದ. ಅಲ್ಲಿ ಎರಡು ಮೇಜುಗಳನ್ನು ಜೋಡಿಸಿ ಮೇಲೊಂದು ದೊಡ್ಡ ಬಟ್ಟೆ ಹಾಸಿತ್ತು. ಒಂದು ಮೇಜು ಇನ್ನೊಂದಕ್ಕಿಂತ ತುಸು ಎತ್ತರ. ಬಟ್ಟೆಯ ಕೆಳಗಿನ ಆ ಮೆಟ್ಟಿಲು ಗೊತ್ತಿಲ್ಲದೆ ಲೋಟ ಇಟ್ಟವರ ಮಡಿಲಿಗೆ ನೀರು ಗ್ಯಾರಂಟಿ. ಹೊಸದಾಗಿ ಬಂದವರಿಗೆಲ್ಲ ಒಮ್ಮೆಯಾದರೂ ಆ ಅಭಿಷೇಕ ಆಗುತ್ತಿತ್ತು, ಹಳಬರು ನಗುತ್ತಿದ್ದರು. ಆಮೇಲೆ ಹೊಸಬರೂ ಹಳಬರೇ.

ಹೊಸಬರು ಹಳಬರು ಅಂದರೆ ಅಪ್ಪನ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು. ಕಾಲೇಜಿನ ಹೆಸರು ಬರೆಯುವುದಿಲ್ಲ; ಈಗ ಅಲ್ಲಿರುವವರಿಗೂ ಇದಕ್ಕೂ ಸಂಬಂಧವಿಲ್ಲ. ಅಪ್ಪ ಅಲ್ಲಿ ಡೀನ್ ಆಗಿದ್ದ. ಆ ಕಾಲೇಜಿನ ಆಡಳಿತದ ಕಟ್ಟಡದಲ್ಲಿ ಬಾಗಿಲ ಮೇಲೆ ತನ್ನ ಹೆಸರಿದ್ದ ಮೊದಲ ಕಪ್ಪು ಮನುಷ್ಯ ಅವನು. ಅದಕ್ಕೆ ಮುಂಚೆ ಆ ಕಟ್ಟಡದೊಳಗೆ ಹೋಗುತ್ತಿದ್ದ ಕಪ್ಪು ಜನರ ಕೈಯಲ್ಲಿ ಪೊರಕೆ ಇರುತ್ತಿತ್ತು. ಎಲ್ಲರಿಗೂ ಅವನು ಡೀನ್ ಟಾಲಿವರ್. ವರ್ಜೀನಿಯಾದ ತಂಬಾಕು ಬೆಳೆಯುವ ಊರಿನವನು, ಎತ್ತರದ ಆಳು, ಮಾತು ಕಡಿಮೆ. ಮನೆಯಲ್ಲೂ ಟೈ ಸಡಿಲಿಸುತ್ತಿದ್ದನೇ ಹೊರತು ಬಿಚ್ಚುತ್ತಿರಲಿಲ್ಲ. ಅವ್ವ ಗದಗು-ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಬೆಳೆದ ಕ್ರೈಸ್ತರ ಮಗಳು, ಸುಶೀಲಾ. ನರ್ಸ್ ಆಗಿ ಈ ದೇಶಕ್ಕೆ ಬಂದವಳು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಇಬ್ಬರೂ ಭೇಟಿಯಾದದ್ದು ಒಂದು ಚರ್ಚಿನ ಊಟದಲ್ಲಿ. ಅಪ್ಪನ ತಟ್ಟೆಯಲ್ಲಿ ಅಲಸಂದಿ ಕಾಳಿನ ಪಲ್ಯ ನೋಡಿ ಅವ್ವ "ಇದು ನಮ್ಮ ಕಾಳು" ಎಂದಳಂತೆ, ಅಪ್ಪ "ಇಲ್ಲ, ನಮ್ಮದು" ಎಂದನಂತೆ. ಆ ವಾದ ಕೊನೆಯವರೆಗೂ ಮುಗಿಯಲಿಲ್ಲ.

ಅವ್ವ ನನಗೆ ಕನ್ನಡ ಓದಿಸಿದ್ದು ಆ ಅಡುಗೆಮನೆಯಲ್ಲೇ, ಬೈಬಲ್ಲು, ಕೀರ್ತನೆಯ ಪುಸ್ತಕ ಮತ್ತು ಗದಗಿನಿಂದ ಬರುತ್ತಿದ್ದ ಕಾಗದಗಳ ಮೂಲಕ. ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ಬೇಯುತ್ತಿರುವಾಗ ನಾನು ಗಟ್ಟಿಯಾಗಿ ಓದಬೇಕು, ತಪ್ಪಿದರೆ ಲಟ್ಟಣಿಗೆ ಮೇಜಿನ ಮೇಲೆ ಟಕ್ ಅನ್ನುತ್ತಿತ್ತು. ಅಪ್ಪ ಅವ್ವ ತಮ್ಮೊಳಗೆ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೆ ಇಷ್ಟು ವರ್ಷಗಳಾದ ಮೇಲೆ ಅವರ ಮಾತೆಲ್ಲ ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಉಳಿದಿದೆ. ಅವ್ವನದಂತೂ ಯಾವ ಭಾಷೆಯಲ್ಲಿ ಆಡಿದರೂ ಗದಗಿನ ಮಾತೇ.

ಪ್ರತಿ ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು ಊಟಕ್ಕೆ ಬರುತ್ತಿದ್ದರು. ಅಪ್ಪ ಬೆಳಿಗ್ಗೆ ಚರ್ಚಿಗೆ ಹೋಗುವ ಮುನ್ನವೇ ತನ್ನ ಊರಿನವರ ಇಷ್ಟದ ಕಾಲರ್ಡ್ ಸೊಪ್ಪನ್ನು ಸಣ್ಣ ಉರಿಯಲ್ಲಿ ಇಟ್ಟು ಹೋಗುತ್ತಿದ್ದ. ಅವ್ವನದು ಕೋಳಿ ಸಾರು, ಬದನೆ ಎಣಗಾಯಿ, ಶೇಂಗಾ ಚಟ್ನಿಪುಡಿ. ಹುಡುಗರು ಮೊದಲ ತುತ್ತಿಗೆ ಕೆಮ್ಮಿ ಎರಡನೆಯದಕ್ಕೆ ಬೆವರಿ ಮೂರನೆಯದಕ್ಕೆ ಇನ್ನಷ್ಟು ಎನ್ನುತ್ತಿದ್ದರು. ಬಡಿಸುವುದರಲ್ಲಿ ಅವ್ವನದೇ ರಾಜ್ಯ. ಆದರೆ ಮೇಜಿಗೆ ಅಪ್ಪ ಒಂದು ಕಾನೂನು ಮಾಡಿದ್ದ: ಬಂದ ಮಕ್ಕಳನ್ನು ಯಾರೂ ಏನನ್ನೂ ಕೇಳಬಾರದು. ಉಪ್ಪು ಬೇಕೇ, ನೀರು ಬೇಕೇ ಎನ್ನಬಹುದು. ಮನೆ ಎಲ್ಲಿ, ತಂದೆ ಏನು ಮಾಡುತ್ತಾರೆ, ಪರೀಕ್ಷೆ ಹೇಗಾಯಿತು, ಯಾಕೆ ಸಪ್ಪಗಿದ್ದೀಯ, ಇವು ಯಾವುವೂ ಇಲ್ಲ. ತಾವಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು.

"ವಾರವೆಲ್ಲ ಈ ಮಕ್ಕಳನ್ನು ಕೇಳೋದೇ ಕೇಳೋದು," ಎನ್ನುತ್ತಿದ್ದ ಅಪ್ಪ. "ಲೈಬ್ರರಿ ಬಾಗಿಲಲ್ಲಿ ನೀನು ಯಾರು ಅಂತಾರೆ. ಒಳ್ಳೆಯ ಪ್ರಬಂಧ ಬರೆದರೆ ನೀನೇ ಬರೆದೆಯಾ ಅಂತಾರೆ. ಹಾಸ್ಟೆಲಿನಲ್ಲಿ ನಿನ್ನ ರೂಮು ಇದೇನಾ ಅಂತಾರೆ. ವಾರದಲ್ಲಿ ಒಂದು ಊಟವಾದರೂ ಯಾರಿಗೂ ಉತ್ತರ ಕೊಡದೆ ಉಣ್ಣಲಿ."

ಅವ್ವನಿಗೆ ಇದು ದೊಡ್ಡ ಶಿಕ್ಷೆ. ಗದಗಿನಿಂದ ಹುಬ್ಬಳ್ಳಿಗೆ ಬಸ್ಸು ಹತ್ತಿದರೆ ಅಣ್ಣಿಗೇರಿ ಬರುವಷ್ಟರಲ್ಲಿ ಪಕ್ಕದ ಸೀಟಿನವರ ಮೂರು ತಲೆಮಾರು ತಿಳಿದಿರಬೇಕು, ಅಂಥ ಸೀಮೆಯವಳು. ಕೇಳದೆ ಉಣ್ಣಲಿಕ್ಕೆ ಹಾಕುವುದು ನಾಯಿಗೆ ಅನ್ನ ಹಾಕಿದ ಹಾಗೆ, ಮನುಷ್ಯರಿಗೆ ಹಾಗೆ ಹಾಕುತ್ತಾರೆಯೇ ಎಂದು ಅಡುಗೆಮನೆಯಲ್ಲಿ ನನ್ನ ಮುಂದೆ ಸಿಡುಕುತ್ತಿದ್ದಳು. ಕೇಳಲಾಗದ ಪ್ರಶ್ನೆಗಳ ಬದಲಿಗೆ ರೊಟ್ಟಿ ಹಾಕುತ್ತಿದ್ದಳು. ಅದಕ್ಕೇ ನಮ್ಮ ಮನೆಯಲ್ಲಿ ಉಂಡ ಹುಡುಗರು ಅಷ್ಟು ಉಣ್ಣುತ್ತಿದ್ದದ್ದು ಅಂತ ಈಗ ಅನ್ನಿಸುತ್ತದೆ.

ನನ್ನ ವಿಷಯದಲ್ಲೂ ಹಾಗೇ. ಒಮ್ಮೆ ಶಾಲೆಯಿಂದ ಸ್ವೆಟರಿನ ತೋಳು ಹರಿದುಕೊಂಡು ಬಂದೆ. ಅಪ್ಪ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತ, ತನ್ನ ಬೂಟಿಗೆ ಪಾಲಿಶ್ ಹಚ್ಚತೊಡಗಿದ, ಆಮೇಲೆ ನನ್ನವಕ್ಕೂ ಹಚ್ಚಿದ. ಒಂದು ಮಾತಿಲ್ಲ. ನಾನು ಹೇಳಲೂ ಇಲ್ಲ, ಆದರೆ ಅಳು ನಿಂತಿತು. ಸಂಜೆ ಅವ್ವ ಡ್ಯೂಟಿ ಮುಗಿಸಿ ಬಂದವಳೇ ಯಾರು, ಯಾವಾಗ, ಏನಂದರು, ನೀ ಏನಂದಿ ಎಂದು ಸಾಲಾಗಿ ಕೇಳಿ ಬಾಯಿ ಬಿಡಿಸಿ, ಮಾರನೆಯ ದಿನ ನರ್ಸ್ ಯೂನಿಫಾರ್ಮಿನಲ್ಲೇ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದಳು. ಆ ದಿನಗಳಲ್ಲಿ ನನಗೆ ಅವ್ವನ ರೀತಿಯೇ ಸರಿ ಅನ್ನಿಸಿತ್ತು. ಅಪ್ಪನಿಗೆ ನಾನು ಬೇಕೋ ಬೇಡವೋ ಎಂಬ ಅನುಮಾನ ಕೂಡ ಇತ್ತು. ಬೇಕಿದ್ದರೆ ಕೇಳಬೇಕಿತ್ತಲ್ಲ.

ಲೊರೇನ್ ಆ ಮೇಜಿಗೆ ಬರುತ್ತಿದ್ದವಳು. ನ್ಯೂವಾರ್ಕ್‌ನ ಹುಡುಗಿ, ಎರಡನೆಯ ವರ್ಷದಲ್ಲಿ ಓದುತ್ತಿದ್ದಳು, ಗಣಿತದಲ್ಲಿ ಮುಂದು. ಶನಿವಾರ ಊರಿಗೆ ಹೋಗಿ ಭಾನುವಾರದ ರೈಲಿನಲ್ಲಿ ನೇರ ನಮ್ಮ ಮನೆಗೆ ಬರುತ್ತಿದ್ದಳು. ನನಗೆ ಅವಳ ಮೇಲೆ ಪ್ರಾಣ, ಕಾರಣ ನನ್ನ ಕೂದಲು. ಅವ್ವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಕೊಬ್ಬರಿ ಎಣ್ಣೆ ಸುರಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದು ಒಂದು ಜಡೆ ಹಾಕುವುದು. ನನ್ನ ಕೂದಲು ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಎರಡು ಬಾಚಣಿಗೆ ಮುರಿದಿದ್ದವು, ನಾನು ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದೆ. ಲೊರೇನ್ ಬಂದ ಮೊದಲ ಭಾನುವಾರವೇ ನನ್ನನ್ನು ನೆಲದ ಮೇಲೆ ಕೂರಿಸಿಕೊಂಡು, ತಾನು ಕುರ್ಚಿಯಲ್ಲಿ ಕೂತು, ಬೆರಳಲ್ಲೇ ಸಾಲು ಬಿಡಿಸಿ ಸಣ್ಣ ಸಣ್ಣ ಜಡೆ ಹೆಣೆದಳು. ನೋವೇ ಇಲ್ಲ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಕೈಗುಣ ಅಂದ್ರ ಇದು" ಅಂದಳು. ಅಂದಿನಿಂದ ಭಾನುವಾರ ನನ್ನ ತಲೆ ಲೊರೇನಳದು.

ಆ ವರ್ಷ ಬೇಸಿಗೆ ರಜೆ ಕಳೆದು ಬಂದ ಲೊರೇನ್ ಬದಲಾಗಿದ್ದಳು. ಒಳಗೆ ಹೀಟರ್ ಹಾಕಿದ್ದರೂ ಕೋಟು ತೆಗೆಯುತ್ತಿರಲಿಲ್ಲ, ಜಡೆ ಹೆಣೆಯುತ್ತಾ ತೂಕಡಿಸುತ್ತಿದ್ದಳು. ಅಪ್ಪ ಅವಳ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಪಕ್ಕಕ್ಕೆ, ಒಲೆಯ ಹತ್ತಿರಕ್ಕೆ ಸರಿಸಿದ, ಅಷ್ಟೇ. ಚಳಿ ಬಲಿತ ಒಂದು ಭಾನುವಾರ ಅರ್ಧ ತಲೆಯ ಜಡೆ ಮುಗಿದಿತ್ತು, ಉಳಿದದ್ದು ಊಟವಾದ ಮೇಲೆ ಎಂದು ಎಲ್ಲರೂ ಮೇಜಿಗೆ ಬಂದರು. ಒಲೆಯ ಶಾಖಕ್ಕೆ ಲೊರೇನ್ ಅಂದು ಕೋಟು ತೆಗೆದಿದ್ದಳು. ಪಕ್ಕದ ಮನೆಯ ಕೂಸು ಅಳತೊಡಗಿತು. ಕಿಟಕಿ ಮುಚ್ಚಿದ್ದರೂ ಚೆನ್ನಾಗಿಯೇ ಕೇಳಿಸುತ್ತಿತ್ತು. ರೊಟ್ಟಿ ಬಡಿಸುತ್ತಾ ಬಂದ ಅವ್ವ ಲೊರೇನಳ ಹತ್ತಿರ ನಿಂತಳು. ಲೊರೇನಳ ಬ್ಲೌಸಿನ ಎದೆ ಎರಡೂ ಕಡೆ ಒದ್ದೆಯಾಗಿತ್ತು. ನನಗೆ ಅದು ನೀರು ಚೆಲ್ಲಿದ ಹಾಗೆ ಕಂಡಿತ್ತು, ಮೇಜಿನ ಮೆಟ್ಟಿಲಿನ ಪ್ರತಾಪ ಅಂದುಕೊಂಡೆ. ಹೆರಿಗೆ ವಾರ್ಡಿನ ನರ್ಸಿಗೆ ಹಾಗೆ ಕಾಣಲಿಲ್ಲ. ಅವ್ವನ ಮುಖ ಹಬ್ಬದ ಹಾಗೆ ಅರಳಿತು. ಕಾನೂನು ಗೀನೂನು ಎಲ್ಲ ಮರೆತುಹೋಯಿತು.

"ಅಯ್ಯ, ಬಾಣಂತಿ ಅದಿಯಲ್ಲ ನೀ. ಕೂಸಿಗೆ ಎಷ್ಟ ತಿಂಗಳಾತು? ಹೆಣ್ಣೋ ಗಂಡೋ? ಯಾರ ಹತ್ರ ಬಿಟ್ಟು ಬಂದಿ?"

ಇದಕ್ಕಿಂತ ಸಂತೋಷದ ಪ್ರಶ್ನೆ ಅವ್ವನ ಊರಿನಲ್ಲಿ ಇರಲಾರದು. ನಮ್ಮ ಮೇಜಿನ ಸುತ್ತ ಮಾತ್ರ ಚಮಚಗಳೆಲ್ಲ ನಿಂತವು. ಲೊರೇನ್ ಎದೆಯ ಮೇಲೆ ಕೈ ಅಡ್ಡ ಹಿಡಿದು ಎದ್ದಳು, ಕೋಟು ಹಾಕಿಕೊಂಡಳು, ಅಪ್ಪನ ಕಡೆ ಒಮ್ಮೆ ನೋಡಿದಳು. ಅಪ್ಪ ತಟ್ಟೆ ನೋಡುತ್ತಿದ್ದ. ಬಾಗಿಲು ಹಾಕಿಕೊಂಡ ಸದ್ದಾಯಿತು. ಸೋಮವಾರ ನಾನು ಅರ್ಧ ತಲೆ ಲೊರೇನಳ ಜಡೆ, ಅರ್ಧ ತಲೆ ಅವ್ವನ ಎಣ್ಣೆಯಲ್ಲಿ ಶಾಲೆಗೆ ಹೋದೆ.

ಆ ಸಂಜೆ ಪಾತ್ರೆ ತೊಳೆಯುವಾಗ ಅಡುಗೆಮನೆಯಲ್ಲಿ ನಡೆದ ಜಗಳ ನನಗೆ ಪೂರ್ತಿ ನೆನಪಿದೆ. ಅಪ್ಪ ದನಿ ಏರಿಸುವವನಲ್ಲ. ಏರಿಸದೆ ಆಡಿದ ಮಾತಿಗೇ ನನಗೆ ಹೆಚ್ಚು ಭಯ.

"ಏನು ಮಾಡಿದೆ ಗೊತ್ತಾ, ಸುಶೀಲಾ? ಅವಳ ಸ್ಕಾಲರ್‌ಶಿಪ್ ಹಾಸ್ಟೆಲಿನಲ್ಲಿ ಇರುವವರಿಗೆ ಮಾತ್ರ. ಮಗು ಇದ್ದವರಿಗೆ ಹಾಸ್ಟೆಲ್ ಇಲ್ಲ. ಮಗು ಇದೆ ಅಂತ ತಿಳಿದ ದಿನ ಅವಳ ಓದು ಮುಗೀತು."

"ಯಾರಿಗೆ ತಿಳದ್ರ? ಈ ಹುಡುಗರು ಹೇಳೂವಂಥವರಲ್ಲ."

"ನನಗೆ ತಿಳಿದರೆ."

"ನಿಮಗೇನು, ಮೊದಲ ಗೊತ್ತಿರಲಿಲ್ಲೇನು?"

ಅಪ್ಪ ತಟ್ಟೆಯೊಂದನ್ನು ಒರೆಸಿದ್ದನ್ನೇ ಮತ್ತೆ ಒರೆಸಿದ.

"ಊಹೆ ಬೇರೆ, ಗೊತ್ತಿರೋದು ಬೇರೆ. ಆ ಕಟ್ಟಡದಲ್ಲಿ ನಾನು ಇವತ್ತಿನವರೆಗೆ ಒಂದು ಸುಳ್ಳು ಹೇಳಿಲ್ಲ. ಹೇಳೋ ಹಾಗಿಲ್ಲ. ನಾನು ಒಂದು ಸುಳ್ಳಿನಲ್ಲಿ ಸಿಕ್ಕಿಬಿದ್ದರೆ ಇನ್ನೊಬ್ಬ ಕಪ್ಪು ಮನುಷ್ಯನನ್ನ ಆ ಬಾಗಿಲೊಳಗೆ ಬಿಡೋದಿಲ್ಲ ಅವರು. ನಾನು ಕೇಳಿರಲಿಲ್ಲ, ಹಾಗಾಗಿ ನನಗೆ ಗೊತ್ತಿರಲಿಲ್ಲ. ನಾಳೆ ಯಾರಾದರೂ ಕೇಳಿದರೆ ಈಗ ನಾನು ಹೌದು ಅನ್ನಬೇಕು."

ಅಂದರೆ ಅಪ್ಪನ ಮೌನ ಬರೀ ಮರ್ಯಾದೆಯಲ್ಲ, ಆ ಮಕ್ಕಳಿಗೆ ಅವನು ಹಿಡಿದ ಕೊಡೆ. ಎಷ್ಟು ಮಂದಿ ಅದರ ಕೆಳಗೆ ಓದು ಮುಗಿಸಿ ಹೋಗಿದ್ದರೋ. ಅವ್ವನಿಗೆ ಅದು ಅರ್ಥವಾಯಿತು. ಆದರೆ ಸೋಲುವ ಪೈಕಿ ಅಲ್ಲ ಅವಳು.

"ಹೌದ್ರಿ, ತಪ್ಪಾತು, ಎಲ್ಲಾರ ಮುಂದ ಕೇಳಬಾರದಿತ್ತು. ಆದ್ರ ಹಸೀ ಬಾಣಂತಿ ರೈಲಿನಾಗ ನಿಂತು ಓಡ್ಯಾಡಾಕತ್ತಾಳ, ಎದಿ ಬಾತಾವು, ಊಟ ಸರಿ ಇಲ್ಲ, ನಿದ್ದಿ ಇಲ್ಲ. ಗೊತ್ತ ಮಾಡಿಕೊಳ್ಳದ ಹ್ಯಾಂಗ ಸಹಾಯ ಮಾಡ್ತೀರಿ ನೀವು? ಕುರ್ಚಿ ಒಲಿ ಹತ್ರ ಸರಿಸಿಬಿಟ್ರ ಆತೇನು?"

ಅಪ್ಪ ಒರೆಸಿದ ತಟ್ಟೆಯನ್ನು ಗೂಡಿನಲ್ಲಿಟ್ಟು ಮೇಲೆ ಹೋದ. ಮುಂದಿನ ಭಾನುವಾರ ಲೊರೇನ್ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ಬಂದ ಹುಡುಗರು ತಲೆ ತಗ್ಗಿಸಿ ಉಂಡರು. ಒಲೆಯ ಹತ್ತಿರದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಕಟ್ಟಡದಲ್ಲಿ ಯಾರೂ ಅಪ್ಪನನ್ನು ಇನ್ನೂ ಕೇಳಿರಲಿಲ್ಲ. ಅವನು ಸಂಜೆ ಮನೆಗೆ ಬಂದು ಟೋಪಿ ತೂಗುಹಾಕುವಾಗ ಅವ್ವ ಅವನ ಮುಖ ನೋಡುತ್ತಿದ್ದಳು, ಅವನು ಇಲ್ಲ ಎಂದು ತಲೆಯಾಡಿಸುತ್ತಿದ್ದ. ಮನೆಯಲ್ಲಿ ಆಗ ಅದೊಂದೇ ಸುದ್ದಿ. ಲೊರೇನ್ ಇನ್ನು ಬರುವುದೇ ಇಲ್ಲವೇನೋ ಅಂತ ನನಗೂ ಭಯ.

ಅವ್ವ ಅಷ್ಟರಲ್ಲಿ ತನ್ನ ಕೆಲಸ ಶುರುಮಾಡಿದ್ದಳು. ಗದಗಿನ ಕಡೆ ಕೂಸು ಹುಟ್ಟಿದ್ದು ತಿಳಿದೂ ನೋಡಲು ಹೋಗದಿದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹೋಗುವಾಗ ಬರಿಗೈಯಲ್ಲಿ ಹೋಗುವಂತಿಲ್ಲ. ಗದಗಿನಿಂದ ನನ್ನ ದೊಡ್ಡವ್ವ ಎಂದೋ ಕಳಿಸಿದ್ದ ತಿನ್ನುವ ಅಂಟು ಡಬ್ಬಿಯಲ್ಲಿತ್ತು. ಅದನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಅಂಟಿನುಂಡಿ ಕಟ್ಟಿದಳು. ಬಾಣಂತಿಯ ಸೊಂಟಕ್ಕೆ ಬಲ ಬರುವ ಉಂಡಿ ಅದು. ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಕೂಸಿಗೆ ಕುಲಾಯಿ ಹೊಲಿದಳು, ಕಿವಿ ಮುಚ್ಚುವ ಹಾಗೆ ಕಟ್ಟುವ ದಾರವಿಟ್ಟು. ಮನೆ ಎಲ್ಲಿ ಎಂದು ಲೊರೇನಳ ರೂಮ್‌ಮೇಟ್ ಗ್ಲೋರಿಯಾಳನ್ನು ಅಡುಗೆಮನೆಗೆ ಕರೆದು ಮೆತ್ತಗೆ ಕೇಳಿಕೊಂಡಳು. ಶನಿವಾರ ಮಧ್ಯಾಹ್ನ ಒಳ್ಳೆಯ ಸೀರೆ ಉಟ್ಟು, ಮೇಲೆ ಚಳಿಯ ಕೋಟು ತೊಟ್ಟು, ಡಬ್ಬಿ ಹಿಡಿದು ಅಪ್ಪನ ಮುಂದೆ ನಿಂತಳು.

"ನ್ಯೂವಾರ್ಕ್‌ಗೆ ಹೋಗಬೇಕ್ರಿ ನಾವು. ಯಾಕ ಅಂತ ಕೇಳಬ್ಯಾಡ್ರಿ."

ಅಪ್ಪ ಡಬ್ಬಿ ನೋಡಿದ, ಕೈಯಲ್ಲಿದ್ದ ಕುಲಾಯಿ ನೋಡಿದ, ಕಾರಿನ ಕೀ ತೆಗೆದುಕೊಂಡ. ದಾರಿಯುದ್ದಕ್ಕೂ ಎಡಕ್ಕೆ, ಬಲಕ್ಕೆ ಎಂಬುದಷ್ಟೇ ಮಾತು. ಅವ್ವ ಹೇಳಿದ ಮನೆಯ ಮುಂದೆ ಕಾರು ನಿಲ್ಲಿಸಿ, ಅಪ್ಪ ಎಂಜಿನ್ ಆರಿಸಿ, ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ನೋಡದಿದ್ದರೆ ಗೊತ್ತಿಲ್ಲ, ಅಷ್ಟೇ ಅವನ ಲೆಕ್ಕ. ಪೇಪರ್ ತಲೆಕೆಳಗಾಗಿದೆ ಎಂದು ನಾನು ಹೇಳಲು ಹೋದೆ, ಅವ್ವ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದವಳು ಲೊರೇನ್. ನಮ್ಮನ್ನು ನೋಡಿ ಅವಳ ಮುಖ ಬಿಗಿಯಿತು.

"ಯಾಕೆ ಬಂದ್ರಿ? ಡೀನ್ ಕಳಿಸಿದ್ರಾ?"

"ಇಲ್ಲವಾ. ಕೂಸು ನೋಡಾಕ ಬಂದೀನಿ. ನಮ್ಮ ಕಡೆ ಬರಬೇಕು, ಬರದಿದ್ರ ತಪ್ಪಾಗತೈತಿ. ಅವತ್ತು ಎಲ್ಲಾರ ಮುಂದ ಕೇಳಿದ್ದು ನಂದು ತಪ್ಪು. ಅದಕ್ಕ ಬೈ, ಬೈಸಿಕೊಳ್ತೀನಿ. ಆದ್ರ ಮೊದಲು ಈ ಉಂಡಿ ತಿನ್ನು."

ಲೊರೇನ್ ಏನೋ ಹೇಳುವಷ್ಟರಲ್ಲಿ ಒಳಗಿನಿಂದ ಅವಳ ಅಜ್ಜಿಯ ದನಿ ಬಂತು, ಯಾರೇ ಅದು, ಬಾಗಿಲಲ್ಲೇ ಯಾಕೆ ನಿಲ್ಲಿಸಿದ್ದೀಯ, ಅಂತ. ಮಿಸ್ ಎಸ್ತರ್ ಎಂದು ಬೀದಿಗೆಲ್ಲ ಹೆಸರಾದ ಅಜ್ಜಿ. ಮೊಮ್ಮಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಅವ್ವ ಕೂತಳೋ ಇಲ್ಲವೋ, ಅಜ್ಜಿ ಶುರುಮಾಡಿದಳು. ಎಲ್ಲಿಯವಳು ನೀನು? ಉಟ್ಟಿರೋದು ಎಷ್ಟು ಉದ್ದದ ಬಟ್ಟೆ? ಯಾವ ಚರ್ಚು? ಈ ಹುಡುಗಿ ನಿನ್ನ ಹೊಟ್ಟೆಯದೇ? ಗಂಡ ನಮ್ಮವನೇ? ಹೊಡೆಯೋದಿಲ್ಲ ತಾನೆ? ಒಂದೇ ಮಗು ಯಾಕೆ? ಅವ್ವನಿಗೆ ಸ್ವರ್ಗ ಸಿಕ್ಕಂತಾಯಿತು. ಎಲ್ಲದಕ್ಕೂ ಉದ್ದುದ್ದ ಉತ್ತರ ಕೊಟ್ಟು ತಾನೂ ಅಷ್ಟೇ ಕೇಳಿದಳು. ಈ ದೇಶಕ್ಕೆ ಬಂದಮೇಲೆ ಅವಳನ್ನು ಯಾರೂ ಅಷ್ಟು ಚೆನ್ನಾಗಿ ವಿಚಾರಿಸಿರಲಿಲ್ಲ. ಕೇಳುವುದು ಗದಗಿನವರ ಗುಣ, ಕೇಳದಿರುವುದು ಅಪ್ಪನ ಜನರ ಗುಣ ಎಂದು ನಾನು ತಿಳಿದಿದ್ದೆ. ಹಾಗೇನೂ ಇರಲಿಲ್ಲ. ಅಪ್ಪನಿಗೆ ಕೇಳದಿರುವುದನ್ನು ಕಲಿಸಿದ್ದು ಆ ಕಟ್ಟಡ.

ಕೂಸು ಹೆಣ್ಣು. ಅವ್ವ ಅದರ ಬೆನ್ನು, ಹೊಟ್ಟೆ, ನಾಲಿಗೆ ಎಲ್ಲ ನೋಡಿ, ಕುಲಾಯಿ ಕಟ್ಟಿದಳು. ಲೊರೇನ್ ಗೋಡೆಗೊರಗಿ ನಿಂತೇ ಇದ್ದವಳು ನಿಧಾನವಾಗಿ ಬಂದು ಕೂತು ಉಂಡಿ ತಿಂದಳು.

"ಈ ಟರ್ಮ್ ಮುಗಿಸಿ ಬಿಟ್ಟುಬಿಡ್ತೀನಿ," ಎಂದಳು. "ಅವರಿಗೆ ತಿಳಿದು ಹೊರಗೆ ಹಾಕೋ ಮೊದಲು ನಾನೇ ಬಿಡೋದು ವಾಸಿ. ಡೀನ್ ಹೆಸರಿಗೂ ಕೆಟ್ಟದ್ದು ಬೇಡ."

ಅವ್ವನ ಕಣ್ಣು ತುಂಬಿತು. ಲೊರೇನಳ ಕೈಗೆ ಇನ್ನೊಂದು ಉಂಡಿ ಇಟ್ಟಳು. ಅಜ್ಜಿ ಮಾತ್ರ ಕಿಟಕಿಯಿಂದ ಕೆಳಗೆ ಬಗ್ಗಿ ನೋಡುತ್ತಿದ್ದಳು.

"ಆ ಕಾರಿನಲ್ಲಿ ಚಳಿಯಲ್ಲಿ ಕೂತಿರೋ ಗಂಡಸು ಯಾರದು?"

"ನಮ್ಮ ಮನಿಯವರು. ಅವರು ಮ್ಯಾಲ ಬರೂದಿಲ್ಲ," ಎಂದು ಅವ್ವ, ಅವನು ಬಂದು ನೋಡಿದರೆ ಗೊತ್ತಿದೆ ಎಂದಾಗುತ್ತದೆ, ಗೊತ್ತಿದ್ದರೆ ಕೇಳಿದಾಗ ಹೇಳಬೇಕಾಗುತ್ತದೆ ಎಂದು ವಿವರಿಸಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಒಬ್ಬ ಮನುಷ್ಯನನ್ನ ಹೊರಗೆ ಕೂರಿಸಿ ನಾನು ಕಾಫಿ ಕುಡಿಯೋದಿಲ್ಲ," ಎಂದು ನನ್ನ ಕಡೆ ತಿರುಗಿದಳು. "ಹೋಗು ಮಗಳೇ, ನಿಮ್ಮಪ್ಪನಿಗೆ ಹೇಳು. ನನ್ನ ಮರಿಮಗಳು ಮುಚ್ಚಿಡೋ ವಸ್ತು ಅಲ್ಲ. ಬರೋದಾದರೆ ಬರಲಿ, ಇಲ್ಲದಿದ್ದರೆ ಕಾರು ನನ್ನ ಬಾಗಿಲಿಂದ ಆಚೆ ತೆಗ್ದುಕೊಂಡು ಹೋಗಲಿ."

ನಾನು ಕೆಳಗೆ ಹೋಗಿ ಕಾರಿನ ಗಾಜು ತಟ್ಟಿದೆ. ಅಪ್ಪ ಗಾಜು ಇಳಿಸಿದ. ಅಜ್ಜಿ ಅಂದದ್ದನ್ನು ಅಂದ ಹಾಗೇ ಹೇಳಿದೆ, ಲೊರೇನ್ ಕಾಲೇಜು ಬಿಡುವುದನ್ನೂ ಹೇಳಿದೆ. ಅವನು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಬೀದಿಯ ತುದಿ ನೋಡುತ್ತಾ ಕೂತ. ಉಸಿರು ಹೊಗೆಯಾಗಿ ಬರುತ್ತಿತ್ತು. ಕಾರು ಶುರುಮಾಡಿ ಹೊರಟೇಬಿಡುತ್ತಾನೆ ಅಂದುಕೊಂಡೆ. ನನಗೆ ಆಗ ಅವನ ಮೇಲೆ ಬಹಳ ಸಿಟ್ಟಿತ್ತು.

"ರೂತ್," ಎಂದ. "ಮಗು ಹೆಣ್ಣೋ ಗಂಡೋ?"

"ಹೆಣ್ಣು."

"ಹೆಸರೇನು?"

"ನೀವೇ ಬಂದು ಕೇಳಿ," ಎಂದೆ.

ಅಪ್ಪ ಪೇಪರ್ ಮಡಿಸಿಟ್ಟು, ಟೋಪಿ ತೆಗೆದು, ಇಳಿದ. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದಿದ್ದ. ಒಳಗೆ ಹೋದ ಕೂಡಲೇ ಮಿಸ್ ಎಸ್ತರ್ ಕೂಸನ್ನು ಅವನ ಕೈಗೆ ಹಾಕಿದಳು. ಅಪ್ಪ ಅದರ ಮುಖ ನೋಡಿದ, ಆಮೇಲೆ ಲೊರೇನಳನ್ನು ನೋಡಿ ಸಾಲಾಗಿ ಕೇಳತೊಡಗಿದ. ಹೆಸರು, ಹುಟ್ಟಿದ ದಿನ, ರಾತ್ರಿ ಎಷ್ಟು ಸಲ ಏಳುತ್ತಾಳೆ, ತರಗತಿಗೆ ಹೋದಾಗ ಹಾಲು ಹೇಗೆ, ಪರೀಕ್ಷೆ ಯಾವಾಗ, ಕಾಲೇಜು ಬಿಡಬೇಕು ಅನ್ನೋದು ನಿನ್ನ ಮನಸ್ಸೋ ಭಯವೋ. ಅಭ್ಯಾಸವಿಲ್ಲದ ಕೆಲಸ, ತಡವರಿಸುತ್ತಿದ್ದ. ಲೊರೇನ್ ಕೊನೆಯದನ್ನು ಬಿಟ್ಟು ಎಲ್ಲದಕ್ಕೂ ಉತ್ತರಿಸಿದಳು. ಕೊನೆಯದಕ್ಕೆ ಅತ್ತಳು.

ಸೋಮವಾರ ಅಪ್ಪ ಆ ಕಟ್ಟಡಕ್ಕೆ ಹೋಗಿ, ಯಾರೂ ಕೇಳುವ ಮೊದಲೇ, ತಾನೇ ಹೇಳಿದ. ಸಂಜೆ ಮನೆಗೆ ಬಂದಾಗ ಟೈ ಬಿಚ್ಚಿ ಕೋಟಿನ ಜೇಬಿಗೆ ತುರುಕಿಕೊಂಡಿದ್ದ. ಅವ್ವ ಅವನ ಮುಂದೆ ತಾಟು ಇಟ್ಟು, ಎದುರು ಕುರ್ಚಿ ಎಳೆದು ಕೂತಳು. ನಾನು ಪುಸ್ತಕ ತೆರೆದಿಟ್ಟುಕೊಂಡು ಓದುವ ನಾಟಕ ಮಾಡುತ್ತಿದ್ದೆ.

"ಏನಂದ್ರು?"

"ನಿಯಮ ಅಂದರು. ಹಾಸ್ಟೆಲ್ ನಿಯಮ ಇರೋದು ಕಾಲೇಜಿನ ನಿಗಾದಲ್ಲಿ ಇರಲಿ ಅಂತ ತಾನೆ, ಡೀನ್ ಮನೆಯಲ್ಲಿ ಇದ್ದರೆ ಅದಕ್ಕಿಂತ ನಿಗಾ ಯಾವುದು ಅಂದೆ. ಲೊರೇನ್ ಇಲ್ಲೇ ಇದ್ದು ಓದಲಿ, ಮಗುವೂ ಇಲ್ಲೇ ಇರಲಿ ಅಂದೆ. ಬಹಳ ಹೊತ್ತು ಮಾತಾಡಿಕೊಂಡರು. ನಾನು ಇಷ್ಟು ವರ್ಷದಲ್ಲಿ ಅವರನ್ನ ಏನೂ ಕೇಳಿದವನಲ್ಲ. ಒಪ್ಪಿಕೊಂಡರು."

"ಅಷ್ಟ ಏನು?"

ಅಪ್ಪ ರೊಟ್ಟಿ ಮುರಿದ, ಬಾಯಿಗಿಡಲಿಲ್ಲ.

"ಹೊರಡುವಾಗ ಒಬ್ಬರು ನಗ್ತಾ ಕೇಳಿದರು. ಇಷ್ಟೊಂದು ಮಾಡ್ತಿದ್ದೀಯಲ್ಲ ಟಾಲಿವರ್, ಅಷ್ಟಕ್ಕೂ ಯಾರ ಮಗು ಅದು, ಅಂತ. ಉಳಿದವರೂ ನಕ್ಕರು."

ನನಗೆ ಆ ನಗು ಅರ್ಥವಾಗಲಿಲ್ಲ. ಅವ್ವನಿಗೆ ಅರ್ಥವಾಯಿತು. ನಾಳೆಯಿಂದ ಆ ಕಟ್ಟಡದ ಪ್ರತಿ ಬಾಗಿಲ ಹಿಂದೆ ಏನು ಪಿಸುಗುಡುತ್ತಾರೆ, ಅಷ್ಟು ವರ್ಷ ಒಂದು ಕಲೆಯಿಲ್ಲದೆ ಕಾಪಾಡಿಕೊಂಡ ಹೆಸರು ಏನಾಗುತ್ತದೆ ಎಂಬುದೆಲ್ಲ ಅವಳ ಮುಖದಲ್ಲಿ ಬಂದು ಹೋಯಿತು.

"ನೀವೇನಂದ್ರಿ?"

"ನಮ್ಮ ಮನೆಯ ಮಗು ಅಂದೆ."

ರೈಲೊಂದು ಹೋಯಿತು. ಅವ್ವ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ರೂತ್, ಪುಸ್ತಕ ಮುಚ್ಚು, ಮ್ಯಾಲ ನಡಿ. ತೊಟ್ಟಿಲಾ ನಿನ್ನ ಖೋಲ್ಯಾಗ ಎಲ್ಲಿ ಹಿಡಸ್ತೈತಿ ನೋಡೂಣು."